ವೆಂಕೀಸ್‌ನವರು ಮಾರ್ತಾರಾ? ಪುಣೆಯ ಕಡೆ ಕಿವಿ ಇಟ್ಟ ಒಂದು ಇಂಗ್ಲಿಷ್ ಊರು

ಇವತ್ತು ಫುಟ್‌ಬಾಲ್ ಅಂದ ಕೂಡಲೇ ಕ್ರಿಕೆಟ್‌ನವರು ಎದ್ದು ಹೋಗಬೇಡಿ. ಇದರಲ್ಲಿ ಆಟ ಕಡಿಮೆ, ಮನೆ ಮಾಲೀಕರು ಮತ್ತು ಬಾಡಿಗೆದಾರರ ವಿಷಯ ಜಾಸ್ತಿ.

ನನ್ನ ಜೊತೆ ಕೆಲಸ ಮಾಡುವವರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಕಡೆಯವರು ಒಬ್ಬರಿದ್ದಾರೆ. ಮೊದಲನೇ ಸಲ ವಿಡಿಯೊ ಕಾಲ್‌ನಲ್ಲಿ ಮಾತಾಡಿದಾಗ, ನಾನು ಇರೋದು ಪುಣೆಯಲ್ಲಿ ಅಂದೆ. ಬೇರೆಯವರಾಗಿದ್ರೆ ಮಳೆ ಹೇಗಿದೆ ಅಂತ ಕೇಳ್ತಿದ್ರು. ಇವರು ಒಂದು ಕ್ಷಣ ಸುಮ್ಮನಿದ್ದು, "ಅವರು ಮಾರ್ತಾರಂತಾ? ನಿಮ್ಮ ಕಡೆ ಏನಾದ್ರೂ ಸುದ್ದಿ ಇದೆಯಾ?" ಅಂದರು. ಯಾರು, ಏನನ್ನ ಮಾರೋದು ಅಂತ ನನಗೆ ತಲೆಬುಡ ಗೊತ್ತಾಗಲಿಲ್ಲ.

ಅವರು ಕೇಳಿದ್ದು ಬ್ಲ್ಯಾಕ್‌ಬರ್ನ್ ರೋವರ್ಸ್ ಬಗ್ಗೆ. 1875ರಲ್ಲಿ ಹುಟ್ಟಿದ ಕ್ಲಬ್, 1888ರಲ್ಲಿ ಇಂಗ್ಲಿಷ್ ಫುಟ್‌ಬಾಲ್ ಲೀಗ್ ಶುರುವಾದಾಗ ಇದ್ದ 12 ಕ್ಲಬ್‌ಗಳಲ್ಲಿ ಒಂದು. ಅದರ ಮಾಲೀಕರು ನಮ್ಮ ಪುಣೆಯ ವೆಂಕೀಸ್ ಕುಟುಂಬ. ಹೌದು, ಕೋಳಿಯ ವೆಂಕೀಸ್. 1971ರಲ್ಲಿ ಡಾ. ಬಿ.ವಿ. ರಾವ್ ಶುರು ಮಾಡಿದ ವೆಂಕಟೇಶ್ವರ ಹ್ಯಾಚರೀಸ್ ಗುಂಪು. ಇವತ್ತು ಮೊಟ್ಟೆಗೆ ದಿನದಿನದ ದರ ಹೇಳುವ ಎನ್‌ಇಸಿಸಿಯನ್ನು ಕಟ್ಟಿದವರೂ ಅವರೇ. ಅವರ ಮಕ್ಕಳು 2010ರ ನವೆಂಬರ್‌ನಲ್ಲಿ 2.3 ಕೋಟಿ ಪೌಂಡ್ ಕೊಟ್ಟು ಈ ಕ್ಲಬ್ ಕೊಂಡರು.

ಅದಕ್ಕೆ ಮುಂಚಿನ ಕಥೆ ಸ್ವಲ್ಪ ಹೇಳಬೇಕು. ಬ್ಲ್ಯಾಕ್‌ಬರ್ನ್ ಹತ್ತಿ ಗಿರಣಿಗಳ ಊರು. ನಮ್ಮ ಸೊಲ್ಲಾಪುರ ಅಥವಾ ಪರೇಲ್ ಇದ್ದ ಹಾಗೆ ಅಂದ್ಕೊಳ್ಳಿ, ಗಿರಣಿ ಮುಚ್ಚಿದ ಮೇಲೆ ಉಳಿದ ಊರು. ಪಕ್ಕದ ಡಾರ್ವೆನ್‌ಗೆ 1931ರಲ್ಲಿ ಗಾಂಧೀಜಿ ಹೋಗಿದ್ದರು, ಖಾದಿ ಚಳವಳಿಯಿಂದ ಕೆಲಸ ಹೋಗ್ತಿದ್ದ ಗಿರಣಿ ಕಾರ್ಮಿಕರನ್ನ ನೋಡೋಕೆ. ರೋವರ್ಸ್ ಕ್ರೀಡಾಂಗಣದ ಒಂದು ತುದಿಗೆ ಇವತ್ತಿಗೂ ಡಾರ್ವೆನ್ ಎಂಡ್ ಅಂತಲೇ ಹೆಸರು. ಇಂಥ ಊರಲ್ಲಿ ಜ್ಯಾಕ್ ವಾಕರ್ ಅಂತ ಒಬ್ಬರು ಉಕ್ಕಿನ ವ್ಯಾಪಾರಿ. ಊರಿನ ಹುಡುಗ, ಚಿಕ್ಕಂದಿನಿಂದ ರೋವರ್ಸ್ ಹುಚ್ಚು. 1991ರಲ್ಲಿ ಕ್ಲಬ್ ಕೈಗೆ ತಗೊಂಡು ಹಣ ಸುರಿದರು. ಅಲನ್ ಶಿಯರರ್ ಬಂದ, ಕೆನ್ನಿ ಡಾಲ್‌ಗ್ಲಿಶ್ ಮ್ಯಾನೇಜರ್ ಆದರು. 1995ರಲ್ಲಿ ಈ ಸಣ್ಣ ಊರು ಮ್ಯಾಂಚೆಸ್ಟರ್ ಯುನೈಟೆಡ್‌ನ ಹಿಂದೆ ಹಾಕಿ ಪ್ರೀಮಿಯರ್ ಲೀಗ್ ಗೆದ್ದಿತು.

2000ದಲ್ಲಿ ವಾಕರ್ ತೀರಿಕೊಂಡರು. ಅವರ ಟ್ರಸ್ಟ್ ಹತ್ತು ವರ್ಷ ನಡೆಸಿತು, ಆಮೇಲೆ ಕೊಳ್ಳುವವರನ್ನ ಹುಡುಕಿತು. ಇದನ್ನ ನೆನಪಿಟ್ಕೊಳ್ಳಿ. ಆಗಲೂ ಅಭಿಮಾನಿಗಳು ಕೇಳ್ತಿದ್ದದ್ದು ಇದೇ ಪ್ರಶ್ನೆ: ಮಾರ್ತಾರಾ? ಯಾರಾದರೂ ಸಾಹುಕಾರರು ಬರ್ತಾರಾ? ಬಂದರು, ಪುಣೆಯಿಂದ.

ಬಂದ ಒಂದೇ ತಿಂಗಳಲ್ಲಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್‌ರನ್ನ ತೆಗೆದರು. 2011ರ ಅಕ್ಟೋಬರ್‌ನಲ್ಲಿ ತಂಡವನ್ನ ಇಲ್ಲಿಗೇ ಕರೆಸಿ ಬಾಲೇವಾಡಿಯಲ್ಲಿ ಪುಣೆ ಎಫ್‌ಸಿ ವಿರುದ್ಧ ಆಡಿಸಿದರು. ಆಟಗಾರರು ಕೋಳಿ ತಿನ್ನುವ ಟಿವಿ ಜಾಹೀರಾತೂ ಬಂತು. 2012ರ ಮೇನಲ್ಲಿ ವಿಗನ್ ಎದುರು ಸೋತು ಪ್ರೀಮಿಯರ್ ಲೀಗ್‌ನಿಂದ ಕೆಳಗೆ ಬಿದ್ದ ದಿನ ಅಭಿಮಾನಿಗಳು ಮೈದಾನಕ್ಕೆ ಒಂದು ಜೀವಂತ ಕೋಳಿ ಬಿಟ್ಟರು. ಮುಂದಿನ ಸೀಸನ್‌ನಲ್ಲಿ ಒಬ್ಬ ಮ್ಯಾನೇಜರ್ 57 ದಿನ, ಇನ್ನೊಬ್ಬರು 67 ದಿನ. 2017ರಲ್ಲಿ ಮೂರನೇ ದರ್ಜೆಗೆ ಇಳಿದರು. ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ ಒಂದು ಅಷ್ಟು ಕೆಳಗೆ ಹೋದದ್ದು ಅದೇ ಮೊದಲು. ಮುಂದಿನ ವರ್ಷವೇ ಎರಡನೇ ದರ್ಜೆಗೆ ಹತ್ತಿದರು ಅನ್ನೋದನ್ನೂ ಹೇಳಬೇಕು.

ಹಾಗಾದರೆ ಮಾರಿಬಿಡಬಹುದಲ್ಲ? ಇಲ್ಲೇ ಲೆಕ್ಕ ಇರೋದು. ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿ ಎಷ್ಟೋ ಕ್ಲಬ್‌ಗಳು ಬರುವ ಆದಾಯಕ್ಕಿಂತ ಸಂಬಳಕ್ಕೇ ಜಾಸ್ತಿ ಕೊಡ್ತವೆ. ತೂತನ್ನ ಮಾಲೀಕರು ಪ್ರತಿ ವರ್ಷ ತಮ್ಮ ಜೇಬಿನಿಂದ ಮುಚ್ಚಬೇಕು. ಇಲ್ಲಿಯವರೆಗೆ ಈ ಕುಟುಂಬ ಹಾಕಿದ್ದು 20 ಕೋಟಿ ಪೌಂಡಿಗೂ ಮೇಲೆ ಅಂತ ಅಲ್ಲಿನ ಪತ್ರಿಕೆಗಳ ಅಂದಾಜು. ಅಷ್ಟು ಕೊಟ್ಟು ಯಾರು ಕೊಳ್ತಾರೆ? ಆದರೆ ಒಂದೇ ಒಂದು ಸಲ ಮೇಲಿನ ದರ್ಜೆಗೆ ಹತ್ತಿದರೆ 10 ಕೋಟಿ ಪೌಂಡಿಗೂ ಹೆಚ್ಚು ಬರುತ್ತೆ. ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರನ್ನ ನೋಡಿದ್ದೀರಲ್ಲ? ಐನೂರು ಅಡಿಗೆ ನೀರಿಲ್ಲ. ನಿಲ್ಲಿಸಿದರೆ ಹಾಕಿದ ದುಡ್ಡೆಲ್ಲ ಮಣ್ಣು. ಇನ್ನೊಂದು ನೂರು ಅಡಿ ಹೋಗೋಣ ಅಂತಾರೆ. ನನಗೆ ಕಾಣೋದು ಹಾಗೆ. ಇದು ನನ್ನ ಊಹೆ, ಅವರ ಮನಸ್ಸಿನಲ್ಲಿ ಏನಿದೆಯೋ.

2023ರಿಂದ ಇನ್ನೊಂದು ತೊಡಕು ಸೇರಿತು. ಫೆಮಾ ಕಾಯ್ದೆಯಡಿ ಇ.ಡಿ. ನಡೆಸುತ್ತಿದ್ದ ವಿಚಾರಣೆಯಿಂದಾಗಿ ಇಲ್ಲಿಂದ ಕ್ಲಬ್‌ಗೆ ಹಣ ಕಳಿಸೋಕೆ ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು, ಬ್ಯಾಂಕ್ ಗ್ಯಾರಂಟಿಯೂ ಕೊಡಬೇಕಾಯಿತು. ಅದು ವಿಚಾರಣೆ, ತೀರ್ಪಲ್ಲ. ಅದರ ಸರಿ ತಪ್ಪು ನಾನು ಹೇಳೋನಲ್ಲ. ಆದರೆ ಚಿತ್ರ ನೋಡಿ: ಬ್ಲ್ಯಾಕ್‌ಬರ್ನ್‌ನಲ್ಲಿ ಬಸ್ಸಿಗೆ ಕಾಯ್ತಾ ಇರುವ ಒಬ್ಬ ಮನುಷ್ಯ ದೆಹಲಿಯ ಕೋರ್ಟಿನ ತಾರೀಖು ಮುಂದಕ್ಕೆ ಹೋಯಿತಾ ಅಂತ ಮೊಬೈಲ್‌ನಲ್ಲಿ ನೋಡ್ತಾನೆ. ನನ್ನ ಸಹೋದ್ಯೋಗಿ ಫೆಮಾ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡ್ತಾರೆ.

ಅವರಿಂದ ನಾನು ಕಲಿತದ್ದು ಒಂದಿದೆ. ಏನೇ ನಡೆದರೂ ಅದು ಮಾರಾಟದ ಸೂಚನೆಯೇ. 2024ರಲ್ಲಿ ಊರಲ್ಲೇ ಬೆಳೆದ ಹುಡುಗ ಆಡಮ್ ವಾರ್ಟನ್‌ನ ಕ್ರಿಸ್ಟಲ್ ಪ್ಯಾಲೆಸ್‌ಗೆ ಕೊಟ್ಟರು. ನೋಡಿ, ಮಾರುವ ಮುಂಚೆ ಸಾಮಾನು ಖಾಲಿ ಮಾಡ್ತಿದ್ದಾರೆ ಅಂದರು. ಹೊಸ ಆಟಗಾರನ್ನ ತಂದರೆ, ಕೊಳ್ಳುವವರಿಗೆ ಚೆನ್ನಾಗಿ ಕಾಣಲಿ ಅಂತ ತಂದಿದ್ದಾರೆ. ನಾನು ಪುಣೆಯ ಪೇಟೆಯ ಹಳೇ ವಾಡಾದಲ್ಲಿ ಬಾಡಿಗೆಗೆ ಇದ್ದಾಗ ನಮ್ಮ ಅಂಗಳದ ಮಾತೂ ಹೀಗೇ ಇರ್ತಿತ್ತು. ಮಾಲೀಕರು ಸುಣ್ಣ ಹೊಡೆಸಿದರೆ ಬಿಲ್ಡರ್‌ಗೆ ಕೊಡ್ತಾರೆ, ಹೊಡೆಸದಿದ್ದರೂ ಬಿಲ್ಡರ್‌ಗೆ ಕೊಡ್ತಾರೆ. ಮಾಲೀಕರು ಬಂದು ಕಟ್ಟೆ ಮೇಲೆ ಕೂತು, "ಸದ್ಯಕ್ಕೆ ಏನೂ ಇಲ್ಲ ರೀ, ನೀವು ನಿಶ್ಚಿಂತೆಯಿಂದ ಇರಿ" ಅಂದಿದ್ರೆ ಅರ್ಧ ಮಾತು ಅಲ್ಲೇ ನಿಲ್ತಿತ್ತು. ಬ್ಲ್ಯಾಕ್‌ಬರ್ನ್‌ನವರ ದೊಡ್ಡ ದೂರೂ ಸೋಲಲ್ಲ. ಮಾಲೀಕರು ವರ್ಷಗಟ್ಟಲೆ ಮೈದಾನದ ಕಡೆ ಬಂದಿಲ್ಲ, ಮಾತಾಡೋದಿಲ್ಲ, ಮ್ಯಾನೇಜರ್‌ಗಳೇ ವಿಮಾನ ಹತ್ತಿ ಪುಣೆಗೆ ಬರಬೇಕು ಅನ್ನೋದು.

ಹಾಗಂತ ಮಾರಿದರೆ ಸುಖವಾ? ಅಲ್ಲಿಂದ ಸ್ವಲ್ಪವೇ ದೂರದ ಬರಿ ಅನ್ನೋ ಊರಿನ ಕ್ಲಬ್ 2018ರ ಡಿಸೆಂಬರ್‌ನಲ್ಲಿ 1 ಪೌಂಡಿಗೆ ಕೈ ಬದಲಾಯಿತು. 2019ರ ಆಗಸ್ಟ್‌ನಲ್ಲಿ ಅದನ್ನ ಲೀಗ್‌ನಿಂದಲೇ ಹೊರಹಾಕಿದರು. ನಮ್ಮ ಕಡೆಯೇ ನೋಡಿ. ಎಫ್‌ಸಿ ಪುಣೆ ಸಿಟಿ 2019ರಲ್ಲಿ ಮುಚ್ಚಿತು, ಆ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. 2022ರಲ್ಲಿ ಐಎಸ್‌ಎಲ್ ಗೆದ್ದಿತು ಕೂಡ. ಆಮೇಲೆ ಮಾಲೀಕರು ಬದಲಾದರು, 2025ರಲ್ಲಿ ಅದು ದೆಹಲಿಗೆ ಹೋಗಿ ಹೆಸರೂ ಬದಲಾಯಿತು. ಪುಣೆಯವರನ್ನಾಗಲಿ ಹೈದರಾಬಾದಿನವರನ್ನಾಗಲಿ ಯಾರೂ ಕೇಳಲಿಲ್ಲ. ಬ್ರಿಟನ್‌ನಲ್ಲಿ 2025ರ ಜುಲೈನಲ್ಲಿ ಹೊಸ ಕಾಯ್ದೆ ಬಂದಿದೆ. ಸ್ವತಂತ್ರ ನಿಯಂತ್ರಕರು ಹೊಸ ಮಾಲೀಕರನ್ನ ಪರೀಕ್ಷೆ ಮಾಡ್ತಾರೆ, ಕ್ಲಬ್‌ನ ಹೆಸರು ಬಣ್ಣ ಮುಟ್ಟುವ ಮುಂಚೆ ಅಭಿಮಾನಿಗಳನ್ನ ಕೇಳಬೇಕು. ಆದರೆ ಅಭಿಮಾನಿಗಳು ಬೇಸತ್ತಿದ್ದಾರೆ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಮಾರಿಸೋಕೆ ಆಗಲ್ಲ.

ಇದೆಲ್ಲ ನಾನು ಸಹೋದ್ಯೋಗಿಗೆ ಹೇಳಿದೆ, ಬೋರ್‌ವೆಲ್ ಸಮೇತ. ಅವರಿಗೆ ಬರಿ ಕಥೆ ನನಗಿಂತ ಚೆನ್ನಾಗಿ ಗೊತ್ತು. ಕೇಳಿಸ್ಕೊಂಡು, ಮಗಳಿಗೂ ಸೇರಿಸಿ ಈ ಸಲ ಎರಡು ಸೀಸನ್ ಟಿಕೆಟ್ ತಗೊಂಡೆ ಅಂದರು. ನಡುವೆ ಕೆಲವು ವರ್ಷ ಸಿಟ್ಟಿಗೆ ಬಿಟ್ಟಿದ್ದರಂತೆ. ಕಾಲ್ ಮುಗಿಯೋ ಹೊತ್ತಿಗೆ ಮತ್ತೆ ಕೇಳಿದರು: "ನಿಜಕ್ಕೂ ನಿಮ್ಮ ಕಡೆ ಏನೂ ಸುದ್ದಿ ಇಲ್ವಾ?"

ಇಲ್ಲ ಅಂದೆ. ನೀವು ಯಾರಾದರೂ ಪುಣೆಯಲ್ಲಿ ಇದ್ದು ಏನಾದರೂ ಕೇಳಿದ್ದರೆ ಕೆಳಗೆ ಬರೀರಿ, ಅವರಿಗೆ ಮುಟ್ಟಿಸ್ತೀನಿ. ನಮಸ್ಕಾರ.