ಹಡೆದವರು



ಕನ್ನಡದಲ್ಲಿ ಹೆರಿಗೆಯ ಸುತ್ತ ಬೆಳೆದು ನಿಂತಿರುವ ಶಬ್ದಸಂಪತ್ತು ಸಣ್ಣದಲ್ಲ. ಬಯಕೆ, ಬಸಿರು, ಬೇನೆ, ಹೆರಿಗೆ, ಬಾಣಂತನ ಎಂದು ಒಂದೊಂದು ಹಂತಕ್ಕೂ ಒಂದೊಂದು ಮಾತಿದೆ. ನಿನ್ನೆಯವರೆಗೆ ಬಸುರಿಯಾಗಿದ್ದವಳು ಹೆತ್ತ ಗಳಿಗೆಯಿಂದ ಬಾಣಂತಿಯಾಗುತ್ತಾಳೆ. ಮೊದಲು ಹುಟ್ಟಿದ್ದು ಚೊಚ್ಚಲು. ಸೂಲು ಎಂದರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. ಹೆರುವವಳ ನೋವನ್ನು ಹೇಳುವಾಗ ನಮ್ಮ ಜನ ‘ಅನುಭವಿಸಿದಳು’ ಎನ್ನುವುದಿಲ್ಲ. ‘ಬೇನೆ ತಿಂದಳು’ ಎನ್ನುತ್ತಾರೆ. ನೋವನ್ನು ಅನ್ನದಂತೆ ಉಂಡು ಅರಗಿಸಿಕೊಳ್ಳಬೇಕು, ಬೇರೆಯವರು ಅವಳ ಪರವಾಗಿ ಉಣ್ಣಲಾರರು ಎಂಬ ಅರಿವು ಆ ಒಂದು ಕ್ರಿಯಾಪದದಲ್ಲಿದೆ.

ಇಷ್ಟೆಲ್ಲ ಇದ್ದರೂ ಈ ಸಂಪತ್ತಿನಲ್ಲಿ ಒಂದು ತೆರಪು ಉಳಿದಿದೆ. ಹೆರುವವಳಿಗೆ ಹೆಸರಿದೆ, ಹುಟ್ಟಿದ್ದಕ್ಕೆ ಹೆಸರಿದೆ, ಹೆರಿಗೆ ಮಾಡಿಸಿದವಳಿಗೆ ಹೆಸರಿದೆ. ಅದೇ ಹೊತ್ತಿನಲ್ಲಿ ಹೊರಗಿನ ಕಟ್ಟೆಯ ಮೇಲೆ ಕುಳಿತು ಒಳಗಿನ ಸಪ್ಪಳಕ್ಕೆ ಕಿವಿಗೊಟ್ಟಿರುವ ಗಂಡನಿಗೆ ಹೆಸರಿಲ್ಲ. ಬಾಣಂತಿ ಎಂಬ ಮಾತಿಗೆ ಪುಲ್ಲಿಂಗವೇ ಇಲ್ಲ. ಚೊಚ್ಚಲ ಹೆರಿಗೆಯನ್ನು ದಂಪತಿಗಳಿಬ್ಬರ ಅನುಭವವೆಂದು ಕರೆಯಹೊರಟರೆ ಭಾಷೆಯೇ ನಮ್ಮನ್ನು ತಡೆದು, ‘ಅವನು ಎಲ್ಲಿದ್ದ?’ ಎಂದು ಕೇಳುತ್ತದೆ. ಆ ಪ್ರಶ್ನೆಯನ್ನೇ ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಅವನು ದೂರವಿದ್ದುದಕ್ಕೆ ಕಾರಣ ನಮ್ಮ ಸಂಪ್ರದಾಯದಲ್ಲಿಯೇ ಇದೆ. ಧಾರವಾಡದ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರುಮನೆಯದು. ಹಳೆಯ ಮೈಸೂರಿನವರು ಸೀಮಂತವೆನ್ನುವುದನ್ನು ನಾವು ಕುಬಸ ಎನ್ನುತ್ತೇವೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಆರತಿ ಬೆಳಗಿದ ಬಳಿಕ ಬಸುರಿ ತಾಯಿಯ ಮನೆಗೆ ಹೋಗುತ್ತಾಳೆ. ಇದರ ಹಿಂದಿನ ವಿವೇಕವನ್ನು ನಾವು ಹಗುರವಾಗಿ ಕಾಣಬಾರದು. ಅತ್ತೆಯ ಮನೆಯಲ್ಲಿ ಹೊಸಬಳಾದ ಎಳೆಯ ಹುಡುಗಿಗೆ ಸಂಕೋಚವಿಲ್ಲದೆ ನರಳುವ, ಬೇಕಾದ್ದನ್ನು ಕೇಳಿ ತಿನ್ನುವ, ಹಗಲಲ್ಲಿಯೂ ಮಲಗುವ ಸ್ವಾತಂತ್ರ್ಯವಿದ್ದದ್ದು ತವರಿನಲ್ಲಿ ಮಾತ್ರ. ಎರೆಯುವ ಬಿಸಿನೀರು, ಹೊರಸಿನ ಕೆಳಗಿನ ಕೆಂಡ, ಲೋಬಾನದ ಹೊಗೆ, ಅಂಟಿನುಂಡಿ ಇವೆಲ್ಲ ಬಾಣಂತಿಯ ಹಕ್ಕುಗಳೇ ಆಗಿದ್ದವು. ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೊರಟರೆ ಸಿಗುವ ಕಲಘಟಗಿಯ ಬಣ್ಣದ ತೊಟ್ಟಿಲನ್ನು ತಾವು ಕಂಡಿರಬಹುದು. ಮರದ ಪಟ್ಟಿಗಳ ಮೇಲೆ ರಾಮಾಯಣ ಮಹಾಭಾರತಗಳ ಚಿತ್ರಗಳು. ತಲೆಮಾರು ಕಳೆದರೂ ಮಾಸದ ಅರಗಿನ ಬಣ್ಣ. ಆ ತೊಟ್ಟಿಲನ್ನು ಮಾಡಿಸಿ ಮಗಳೊಡನೆ ಕಳಿಸುವವರೂ ತವರಿನವರೇ.

ಇಲ್ಲೆಲ್ಲ ಗಂಡ ಅತಿಥಿ. ಹೆಸರಿಡುವ ದಿನವೂ ಅವನಿಗೆ ಹೆಚ್ಚಿನ ಕೆಲಸವಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಉಸುರುವವಳು ಅವನ ಅಕ್ಕನೋ ತಂಗಿಯೋ. ಉಸುರಿದ ಕೂಡಲೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ. ಕೂಸಿನ ತಂದೆ ಪಡಸಾಲೆಯಲ್ಲಿ ಮಾವನವರ ಮಗ್ಗುಲಲ್ಲಿ ಕುಳಿತು ಆ ನಗೆಯನ್ನು ಕೇಳುತ್ತಾನೆ.

ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕಟ್ಟಿದ ತ್ರಿಪದಿಗಳ ಭಂಡಾರ. ತವರು, ತಾಯಿ, ಅಣ್ಣ, ಕೂಸು ಅಲ್ಲಿ ಮತ್ತೆ ಮತ್ತೆ ಬರುತ್ತಾರೆ. ಆದರೆ ಕಟ್ಟೆಯ ಮೇಲೆ ಕುಳಿತವನು ತನ್ನ ಹಾಡನ್ನು ತಾನು ಕಟ್ಟಲಿಲ್ಲ. ಗಂಡಸು ಅಂಜಿದೆನೆಂದು ಹೇಳಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯ ಮಾತಾಗಿರಲಿಲ್ಲ.

ಅಂಜಿಕೆಗಾದರೋ ಕಾರಣ ಬೇಕಾದಷ್ಟಿತ್ತು. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುತ್ತಿದ್ದುದು ಅಲಂಕಾರಕ್ಕಲ್ಲ. ಮಗು ಹೊರಬಂದ ಮೇಲೆ ನಿಲ್ಲದೆ ಹರಿಯುವ ರಕ್ತ ಇಂದಿಗೂ ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲೊಂದು. ಗರ್ಭಕೋಶ ಕುಗ್ಗಿ ಗಟ್ಟಿಯಾದರೆ ತೆರೆದ ರಕ್ತನಾಳಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಅದು ಸಡಿಲವಾಗಿಯೇ ಉಳಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಔಷಧವೂ ಬಾಟಲಿಯ ರಕ್ತವೂ ಇಲ್ಲದ ದಿನಗಳಲ್ಲಿ ಸೂಲಗಿತ್ತಿಯ ಕೈಯೊಂದೇ ಆಸರೆ. ಪಾವಗಡದ ಸೂಲಗಿತ್ತಿ ನರಸಮ್ಮನವರನ್ನು ತಾವು ಬಲ್ಲಿರಿ. ಅಕ್ಷರ ಕಲಿಯದ ಆ ತಾಯಿ ತಮ್ಮ ದೀರ್ಘ ಜೀವನದಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಖ್ಯಾತರಾದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈ ಎಲ್ಲ ಊರಿಗೂ ದೊರೆಯುತ್ತಿರಲಿಲ್ಲ.

ಇನ್ನು ನನ್ನ ಪಾಲಿಗೆ ಬಂದದ್ದನ್ನು ಹೇಳುತ್ತೇನೆ. 1989ರ ಶ್ರಾವಣ. ನಾನು ಧಾರವಾಡದ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕ. ಹೆಂಡತಿ ಹಳೇ ಹುಬ್ಬಳ್ಳಿಯ ತವರಿನಲ್ಲಿದ್ದಳು. ನಡುವೆ 20 ಕಿಲೋಮೀಟರು. ಒಂದೇ ಮಹಾನಗರಪಾಲಿಕೆಯ ಎರಡು ಊರು. ಆದರೂ ಆ ಎರಡು ತಿಂಗಳು ಅದು ಬೇರೆ ದೇಶವೇ ಆಗಿತ್ತು. ರವಿವಾರಕ್ಕೊಮ್ಮೆ ಹೋಗಿ, ಪಡಸಾಲೆಯಲ್ಲಿ ಚಹಾ ಕುಡಿದು, ಎಲ್ಲರೆದುರು ‘ಹೆಂಗದೀ?’ ‘ಆರಾಮ ಅದೀನ್ರಿ’ ಎಂದು ಎರಡು ಮಾತಾಡಿ ತಿರುಗಿ ಬರುತ್ತಿದ್ದೆ. ಒಂದು ಸಂಜೆ ಮನೆಯ ಮಾಲೀಕರ ದೂರವಾಣಿಗೆ ಸುದ್ದಿ ಬಂದಿತು. ಜಿಟಿಜಿಟಿ ಮಳೆಯಲ್ಲಿ ಬಸ್ಸು ಹಿಡಿದು, ಉಣಕಲ್ ಕೆರೆಯನ್ನು ದಾಟಿ ಆಸ್ಪತ್ರೆಯನ್ನು ಮುಟ್ಟಿದಾಗ ರಾತ್ರಿ ಒಂಬತ್ತು ದಾಟಿತ್ತು. ಅತ್ತೆಯವರು ಬಾಗಿಲಿಗೆ ಬಂದು, “ಇನ್ನೂ ಹೊತ್ತದ ಅಳಿಯಂದ್ರ, ನೀವು ಇಲ್ಲೇ ಕೂಡ್ರಿ” ಎಂದು ಒಳಗೆ ಹೋದರು. ಬಾಗಿಲು ಮುಚ್ಚಿತು.

ಆ ಓಣಿಯಂಥ ಪಡಸಾಲೆಯಲ್ಲಿ ಇನ್ನೊಬ್ಬನಿದ್ದ. ನವಲಗುಂದದ ಕಡೆಯ ಒಕ್ಕಲಿಗ. ಅವನ ಹೆಂಡತಿಗೂ ಅದು ಚೊಚ್ಚಲು. ಇಬ್ಬರೂ ಹೆಸರು ಕೇಳಿಕೊಳ್ಳಲಿಲ್ಲ. ಅವನು ಮಳೆಯ ಬಗ್ಗೆ ಒಂದು ಮಾತಾಡಿದರೆ ನಾನು ಹೂಂ ಎನ್ನುವುದು. ಒಳಗಿನಿಂದ ಒಂದು ಕೂಗು ಬಂದರೆ ಇಬ್ಬರೂ ಸುಮ್ಮನಾಗುವುದು. ಯಾರ ಹೆಂಡತಿಯ ಕೂಗು ಅದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಎರಡು ವರ್ಷ ಕೂಡಿ ಬಾಳಿದ ಹೆಂಡತಿಯ ದನಿಯನ್ನು ನೋವಿನಲ್ಲಿ ಗುರುತಿಸಲಾಗದೆ ಹೋಗುವುದು ಎಂಥದೆಂಬುದನ್ನು ಆ ರಾತ್ರಿ ತಿಳಿದೆ.

ನಸುಕಿನಲ್ಲಿ ಕೂಸು ಅತ್ತಿತು. ಹೆಣ್ಣು ಕೂಸು. ಎದ್ದು ನಿಂತೆ. ಆದರೆ ಅತ್ತೆಯವರು ಹೊರಗೆ ಬರಲಿಲ್ಲ, ವೈದ್ಯರು ಬಂದರು. ರಕ್ತ ನಿಲ್ಲುತ್ತಿಲ್ಲ, ಒಂದು ಬಾಟಲಿ ರಕ್ತ ಬೇಕು ಎಂದರು. ನನ್ನ ಗುಂಪು ಕೂಡಲಿಲ್ಲ. ಮೈದುನನದೂ ಕೂಡಲಿಲ್ಲ. ಆಗ ಆ ನವಲಗುಂದದವನು ತೋಳಿನ ಅಂಗಿ ಮಡಚಿಕೊಂಡು ಬಂದು, “ಒಳಗ ಇಬ್ರೂ ಒಂದ ದಾರ್ಯಾಗ ಅದಾರ್ರೀ ಸಾಹೇಬ್ರ. ನಂದೊಂದು ನೋಡ್ರೆಲ್ಲ” ಎಂದ. ಅವನದು ಕೂಡಿತು. ಬಿಸಿಲೇರುವ ಹೊತ್ತಿಗೆ ರಕ್ತ ಹರಿಯುವುದು ನಿಂತು ನನ್ನ ಹೆಂಡತಿ ಕಣ್ಣು ತೆರೆದಳು. ಅವನ ಹೆಂಡತಿ ಮಧ್ಯಾಹ್ನ ಗಂಡುಮಗುವನ್ನು ಹೆತ್ತಳು. ಅದೇ ದಿನ ಅವನೊಡನೆ ಕುಳಿತು ಚಹಾ ಕುಡಿದೆ. ಆಗಲೂ ನಮ್ಮಿಬ್ಬರಿಗೆ ಮಾತು ಹೆಚ್ಚು ಹೊರಡಲಿಲ್ಲ.

ಬಹಳ ದಿನಗಳವರೆಗೆ ನಾನು ಆ ರಾತ್ರಿಯಲ್ಲಿ ಉಪಯೋಗಕ್ಕೆ ಬಾರದವನೆಂದೇ ನನ್ನನ್ನು ಎಣಿಸಿಕೊಂಡಿದ್ದೆ. ಬೇನೆ ತಿಂದವಳು ಅವಳು, ಕೈ ಹಿಡಿದವರು ಅವಳ ತಾಯಿ, ರಕ್ತ ಕೊಟ್ಟವನು ಮತ್ತೊಬ್ಬ. ನಾನು ಮಾಡಿದ್ದು ಕುಳಿತದ್ದು ಮತ್ತು ತಿರುಗಾಡಿದ್ದು. ಮಗಳಿಗೆ ಐದು ತುಂಬಿದಾಗ ಅವಳು ತಾನು ಹುಟ್ಟಿದ ಕಥೆಯನ್ನು ಕೇಳಿದಳು. ನಾನು ಮಳೆ, ಬಸ್ಸು, ಪಡಸಾಲೆಗಳ ಕಥೆಯನ್ನು ಹೇಳಿದೆ. ಹೆಂಡತಿ ತನ್ನ ಕಥೆಯನ್ನು ಹೇಳಿದಳು. ಎರಡೂ ಎಲ್ಲಿಯೂ ಕೂಡಲಿಲ್ಲ; ಒಂದೇ ರಾತ್ರಿ ಎರಡು ಊರುಗಳಲ್ಲಿ ನಡೆದಂತಿತ್ತು. ಕೊನೆಗೆ ಅವಳು ನನ್ನತ್ತ ತಿರುಗಿ, “ನಿಮ್ಮ ಕೆಮ್ಮು ಕೇಳತಿತ್ರಿ. ಒಮ್ಮೊಮ್ಮೆ ನಿಲ್ತಿತ್ತು. ನಿಂತಾಗ, ಎದ್ದು ಹೋದ್ರೇನೋ ಅಂತ ಅನಸ್ತಿತ್ತು. ಮತ್ತ ಕೇಳಿದ ಮ್ಯಾಲ ಧೈರ್ಯ ಬರತಿತ್ತು” ಎಂದಳು. ಅಷ್ಟು ವರ್ಷ ಅದನ್ನು ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನನಗೆ ಅವಳ ದನಿ ಗುರುತು ಹತ್ತದಿದ್ದ ಆ ಹೊತ್ತಿನಲ್ಲಿ, ಮುಚ್ಚಿದ ಬಾಗಿಲಿನಾಚೆಯಿಂದ ಅವಳಿಗೆ ನನ್ನ ಕೆಮ್ಮು ಗುರುತು ಸಿಕ್ಕಿತ್ತು.

ಅಕ್ಕಮಹಾದೇವಿ ತನ್ನ ವಚನವೊಂದರಲ್ಲಿ ಹೆರಿಗೆಯ ನೋವನ್ನೇ ದೃಷ್ಟಾಂತವಾಗಿ ಹಿಡಿದು, ಅದನ್ನು ಉಣ್ಣದವರಿಗೆ ಅದರ ಅರಿವು ದೂರದ ಮಾತೆಂದು ಸಾರಿದ್ದಾಳೆ. ಅದು ಸತ್ಯ. ಗಂಡ ಆ ನೋವನ್ನು ಅರಿಯಲಾರ. ಆದರೆ ಅರಿಯದವನು ಹತ್ತಿರವೂ ಇರಲಾರನೆಂದು ಅದಕ್ಕೆ ಅರ್ಥವಲ್ಲ. ಅರಿಯುವುದು ಬೇರೆ, ಜೊತೆಗಿರುವುದು ಬೇರೆ. ದಾಂಪತ್ಯ ನಿಂತಿರುವುದು ಎರಡನೆಯದರ ಮೇಲೆ.

ಈ ಮಾತನ್ನು ಕಾವ್ಯವಾಗಿಸಿದ ಗಂಡಸು ನಮ್ಮ ಊರಿನಲ್ಲಿಯೇ ಇದ್ದನೆಂಬುದು ನಮ್ಮ ಪುಣ್ಯ. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ದ. ರಾ. ಬೇಂದ್ರೆಯವರು ತಾಯಿಯ ಹೆಸರನ್ನೇ ಮುಂದಿಟ್ಟು ‘ಅಂಬಿಕಾತನಯದತ್ತ’ನಾದರು. ಬೇಂದ್ರೆಯವರೂ ಲಕ್ಷ್ಮೀಬಾಯಿಯವರೂ ಹಡೆದು ಕಳೆದುಕೊಂಡ ಕೂಸುಗಳು ಹಲವು. 1937ರಲ್ಲಿ ಹೊರಬಂದ ‘ಸಖೀಗೀತ’ದಲ್ಲಿ ಕವಿ ತಮ್ಮ ದಾಂಪತ್ಯದ ಸುಖದುಃಖಗಳನ್ನು ಬೇರೆ ಯಾರಿಗೂ ಅಲ್ಲ, ಹೆಂಡತಿಗೇ ಹೇಳುತ್ತಾರೆ, ಅವಳನ್ನು ಸಖಿಯೆಂದು ಕರೆಯುತ್ತಾರೆ. ಇನ್ನೊಂದು ಪ್ರಸಿದ್ಧ ಕವಿತೆಯಲ್ಲಿ, ಕೂಸಿನ ಸಾವಿನ ಎದುರು ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಮಾತಿದೆ. ನಮ್ಮಲ್ಲಿ ಅನೇಕರಿಗೆ ಅದು ಬಾಯಿಪಾಠ. ಆ ಕವಿತೆಯನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಓದಿಸಿದ್ದೇನೆ. ಅದರ ಹಿರಿಮೆ ದುಃಖದ ಆಳದಲ್ಲಷ್ಟೇ ಇಲ್ಲ. ಅಲ್ಲಿಯವರೆಗೆ ಕಟ್ಟೆಯ ಮೇಲೆ ಬಾಯಿ ಕಟ್ಟಿ ಕುಳಿತವನು ಒಳಗೆ ಬಂದು, ತನ್ನ ದುರ್ಬಲತೆಯನ್ನು ಹೆಂಡತಿಯ ಮುಂದೆ, ಧಾರವಾಡದ ಮನೆಮಾತಿನಲ್ಲಿ ಆಡಿ ತೋರಿಸಿದ. ಅದರಲ್ಲಿಯೂ ಅದರ ಹಿರಿಮೆ ಇದೆ. ಕವಿಗೆ ಸಾವಿನ ಹೊತ್ತಿನಲ್ಲಿ ದೊರೆತ ಆ ಬಾಯಿ ನಮಗೆ ಹುಟ್ಟಿನ ಹೊತ್ತಿನಲ್ಲಾದರೂ ದೊರೆಯಬೇಡವೆ?

ಕಾಲ ಬದಲಾಗಿದೆ, ಮತ್ತು ಬಹುಮಟ್ಟಿಗೆ ಒಳಿತಿನ ಕಡೆಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಗಳಲ್ಲಿ ಆಗುತ್ತಿದ್ದುದು ನೂರಕ್ಕೆ ಸುಮಾರು 65. 2019–21ರ ಹೊತ್ತಿಗೆ ಅದು 97. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 2018–20ರಲ್ಲಿ 69ಕ್ಕೆ ಇಳಿಯಿತು. ನಮ್ಮ ಅಜ್ಜಿಯಂದಿರು ಇದನ್ನು ಕೇಳಿದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ಅದೇ ಸಮೀಕ್ಷೆಯಲ್ಲಿ ಶಸ್ತ್ರಕ್ರಿಯೆಯಿಂದಾದ ಹೆರಿಗೆಗಳು ನೂರಕ್ಕೆ 31ನ್ನು ಮೀರಿವೆಯೆಂಬುದೂ ಇದೆ. ಅದು ವಿಚಾರಮಾಡಬೇಕಾದ ಮಾತು.

ಆದರೆ ತವರಿನ ನಡುಮನೆಯ ಬಾಗಿಲು ಹೋಗಿ ಆಸ್ಪತ್ರೆಯ ಬಾಗಿಲು ಬಂದಾಗ ಹೊಸ್ತಿಲಾಚೆಯವನ ಸ್ಥಾನ ಎಷ್ಟು ಬದಲಾಯಿತು? ಹೆರುವವಳ ಬಳಿ ಅವಳು ಬಯಸಿದ ಒಬ್ಬರು ಇರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಹಾಗೆ ಜೊತೆ ದೊರೆತ ಹೆಂಗಸರಲ್ಲಿ ಸಹಜ ಹೆರಿಗೆ ಹೆಚ್ಚು, ಬೇನೆಯ ಅವಧಿ ಕಡಿಮೆ ಎಂದು ಅಧ್ಯಯನಗಳು ಕಂಡುಕೊಂಡಿವೆ. ಭಾರತ ಸರಕಾರ 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ಇಂಥ ಒಬ್ಬ ಸಂಗಾತಿಗೆ ಎಡೆಮಾಡಿಕೊಟ್ಟಿದೆ. ಒಂದೇ ಕೋಣೆಯಲ್ಲಿ ನಾಲ್ಕಾರು ಮಂಚಗಳಿರುವಲ್ಲಿ ಗಂಡಸಿಗೆ ಪ್ರವೇಶ ಸುಲಭವಲ್ಲ; ಪಕ್ಕದ ಮಂಚದವಳ ಮಾನವೂ ಕಾಯಬೇಕಾದದ್ದೇ. ಆ ಸಂಗಾತಿ ತಾಯಿಯಾಗಬೇಕೋ ಗಂಡನಾಗಬೇಕೋ ಎಂಬುದನ್ನು ತೀರ್ಮಾನಿಸಬೇಕಾದವಳು ಬೇನೆ ತಿನ್ನುವವಳೇ. ಕೇಂದ್ರ ಸರಕಾರದ ನೌಕರನಾದ ತಂದೆಗೆ 15 ದಿನಗಳ ರಜೆಯಿದೆ. ಹೊಲದಲ್ಲಿ, ಅಂಗಡಿಯಲ್ಲಿ, ದಿನಗೂಲಿಯಲ್ಲಿ ದುಡಿಯುವ ತಂದೆಗೆ ಅದೂ ಇಲ್ಲ.

ಕಾನೂನು ಬಾಗಿಲನ್ನು ತೆರೆಯಬಲ್ಲದು. ತೆರೆದ ಬಾಗಿಲಿನಿಂದ ಒಳಗೆ ಹೋದವನು ಅಲ್ಲಿ ಏನು ಮಾಡಬೇಕೆಂಬುದನ್ನು ಕಲಿಸಲಾರದು. ಅದು ಮನೆಯಲ್ಲಿ ಕಲಿಯಬೇಕಾದ ಪಾಠ. ಚೊಚ್ಚಲ ಮಗುವಾದ ತರುಣ ದಂಪತಿಗಳಿಗೆ ನಾನು ಹೇಳುವುದಿಷ್ಟೆ: ಕೂಸು ಹುಟ್ಟಿದ ರಾತ್ರಿಯ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಿರಿ. ಐದು ವರ್ಷ ಕಾಯಬೇಡಿರಿ. ಎರಡು ಕಥೆಗಳು ಕೂಡದಿದ್ದರೂ ಚಿಂತೆಯಿಲ್ಲ, ಕೇಳಿಸಿಕೊಂಡರೆ ಸಾಕು.

ಮೊದಲಿಗೆ ಹೇಳಿದ ಶಬ್ದದ ತೆರಪಿನ ಬಗ್ಗೆ ಇನ್ನೊಂದು ಮಾತು. ಹಳಗನ್ನಡದ ಪಕಾರ ಮುಂದೆ ಹಕಾರವಾದುದನ್ನು ತಾವು ಬಲ್ಲಿರಿ. ಪಾಲು ಹಾಲಾಯಿತು, ಪೂವು ಹೂವಾಯಿತು. ಹಾಗೆಯೇ ‘ಪಡೆ’ ಎಂಬುದು ‘ಹಡೆ’ ಆಯಿತು. ಹಳಗನ್ನಡದ ‘ಪಡೆ’ಗೆ ಹೊಂದುವುದು, ಹೆರುವುದು ಎಂಬ ಎರಡು ಅರ್ಥಗಳೂ ಇದ್ದವು. ನಮ್ಮ ಸೀಮೆಯಲ್ಲಿ ತಾಯಿ ‘ಹಡೆದವ್ವ’. ಅವಳ ಒಂಟಿ ಹಕ್ಕು ಅದು. ಆದರೆ ತಾಯಿತಂದೆಗಳಿಬ್ಬರನ್ನೂ ಕೂಡಿಸಿ ಹೇಳಬೇಕಾದಾಗ ನಮ್ಮ ಜನ ‘ಹಡೆದವರು’ ಎನ್ನುತ್ತಾರೆ. ಏಕವಚನದಲ್ಲಿ ಹೆಸರಿಲ್ಲದವನಿಗೆ ಬಹುವಚನದಲ್ಲಿ ಭಾಷೆ ಇಷ್ಟು ಎಡೆ ಕೊಟ್ಟಿದೆ. ಒಂದು ಹನಿ ಬೇನೆಯನ್ನೂ ತಿನ್ನದವನಿಗೆ ಹಡೆದವನೆಂಬ ಪದವಿಯನ್ನು ಅದು ಮುಂಗಡವಾಗಿ ಕೊಟ್ಟಿದೆ. ಸಾಲವಾಗಿ ಕೊಟ್ಟಿದೆ ಎಂದರೂ ಸಲ್ಲುತ್ತದೆ. ಅದನ್ನು ತೀರಿಸಲು ಅವನಿಗೆ ಉಳಿದಿರುವುದು ಮುಂದಿನ ಆಯುಷ್ಯ: ಎದ್ದು ತೂಗಬೇಕಾದ ರಾತ್ರಿಗಳು, ತೊಳೆಯಬೇಕಾದ ದುಪಟಿಗಳು, ಕೇಳಿಸಿಕೊಳ್ಳಬೇಕಾದ ಮಾತುಗಳು.



(ಆಕಾಶವಾಣಿಯ ಕೃಪೆಯಿಂದ)