ಬಿರುಕು ಮುಚ್ಚಿ ಬಣ್ಣ ಬಳಿಯುವ ಮೊದಲು

(ಭಾನುವಾರದ ಪೂಜೆಯ ನಂತರ ತೋಟದ ಕುಟುಂಬಗಳ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತು)



ಕ್ರಿಸ್ಮಸ್ ಹತ್ತಿರ ಬಂತೆಂದರೆ ನಮ್ಮ ಲೈನುಗಳಲ್ಲಿ ಸುಣ್ಣದ ಡಬ್ಬ, ಬಣ್ಣದ ಡಬ್ಬ ಹೊರಗೆ ಬರುತ್ತವೆ. ವರ್ಷವಿಡೀ ಒಲೆಯ ಹೊಗೆ ಕುಡಿದ ಗೋಡೆಗೆ ಹೊಸ ಬಟ್ಟೆ ತೊಡಿಸಿದ ಹಾಗೆ. ಅದು ಬೇಡವೆನ್ನಲು ನಾನು ನಿಂತಿಲ್ಲ. ಬಣ್ಣ ಬಳಿಯುವ ಮೊದಲು ಗೋಡೆಯ ಬಿರುಕಿಗೂ ಕಿಟಕಿಯ ಸಂದಿಗೂ ಏನನ್ನೋ ತುಂಬುತ್ತೇವಲ್ಲ, ಅದರ ವಿಷಯ ಮಾತ್ರ ಹೇಳಬೇಕಾಗಿದೆ. ಈ ಕೆಲಸದಲ್ಲಿ ನಾನು ಎರಡು ತಪ್ಪು ಮಾಡಿದ್ದೇನೆ. ಒಂದರಿಂದ ಹಣ ಹೋಯಿತು. ಇನ್ನೊಂದರಿಂದ ಒಂದು ಮಗುವೇ ಹೋಗುವುದರಲ್ಲಿತ್ತು.

ಮೊದಲನೆಯದನ್ನು ಕೇಳಿ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕಿಟಕಿ ಚೌಕಟ್ಟಿಗೂ ಗೋಡೆಗೂ ನಡುವೆ ಪೆನ್ಸಿಲು ತೂರುವಷ್ಟು ಸಂದು ಬಿದ್ದಿತ್ತು. ಗಾಳಿಮಳೆಗೆ ನೀರು ಒಳಗೆ ಹನಿಯುತ್ತಿತ್ತು. ಪೇಟೆಯ ಅಂಗಡಿಯಲ್ಲಿ ಕೇಳಿದೆ. ಕೊಳವೆಯಲ್ಲಿ ಬರುವ ಸಿಲಿಕೋನ್ ಕೊಟ್ಟರು. ನೀರಿಗೆ ಜಗ್ಗುವುದಿಲ್ಲ ಎಂದರು. ಅದು ನಿಜವೇ. ಸಂಜೆ ತುಂಬಿದೆ, ಮಾರನೆಯ ದಿನ ಅದರ ಮೇಲೆಯೇ ಬಣ್ಣ ಹೊಡೆದೆ. ಬ್ರಷ್ ಎಳೆದಲ್ಲೆಲ್ಲ ಬಣ್ಣವು ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ಒಡೆದು ನಿಂತಿತು. ಮೂರು ಸಲ ಬಳಿದು ಹೇಗೋ ಮುಚ್ಚಿದೆ. ತಪಸ್ಸುಕಾಲ ಬರುವಷ್ಟರಲ್ಲಿ ಹಾವಿನ ಪೊರೆಯಂತೆ ಕಳಚಿ ಜೋತುಬಿತ್ತು. ನಾಲ್ಕು ದಿನದ ಕೂಲಿ ದಂಡವಾಯಿತು.

ಕಾರಣವೇನು? ನೀರನ್ನು ದೂಡುವ ಸಿಲಿಕೋನಿನ ಗುಣವೇ ಬಣ್ಣವನ್ನೂ ದೂಡುತ್ತದೆ. ಗಟ್ಟಿಯಾದ ಮೇಲೂ ಅದು ರಬ್ಬರಿನಂತೆ ನಯವಾಗಿ ಇರುತ್ತದೆ. ಒಂದು ದಿನ ಕಾದರೂ ಒಂದು ತಿಂಗಳು ಕಾದರೂ ಅದಕ್ಕೆ ಬಣ್ಣ ಕಚ್ಚುವುದಿಲ್ಲ. ಮೇಲೆ ಬಣ್ಣ ಬರಬೇಕಾದ ಕಡೆ ತುಂಬಬೇಕಾದದ್ದು ಅಕ್ರಿಲಿಕ್ ಸೀಲೆಂಟ್. ಅದು ನೀರಿನಲ್ಲಿ ಕಲಸಿದ ವಸ್ತು. ಹಸಿಯಿರುವಾಗ ಒದ್ದೆ ಬಟ್ಟೆಯಿಂದ ಒರೆಸಬಹುದು, ಒಣಗಿದ ಮೇಲೆ ಬಣ್ಣ ಹಿಡಿಯುತ್ತದೆ. ಹೊರಗೋಡೆಯಲ್ಲಿ ಹೆಚ್ಚು ಅಲುಗುವ ದೊಡ್ಡ ಸಂದಿಗೆ ಪಿ.ಯು. ಎಂಬುದಿದೆ, ಅದಕ್ಕೂ ಬಣ್ಣ ಹಿಡಿಯುತ್ತದೆ, ಬೆಲೆ ಮಾತ್ರ ಹೆಚ್ಚು. ಕೊಳ್ಳುವಾಗ ಕೊಳವೆಯ ಮೇಲೆ ‘ಪೆಯಿಂಟಬಲ್’ ಎಂದು ಬರೆದಿದೆಯೇ ನೋಡಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ, ನಾಚಿಕೆಪಡಬೇಡಿ.

ಹಿಂಡುವಾಗ ವಿನೆಗರಿನ ಹುಳಿ ವಾಸನೆ ಬರುವ ಸಿಲಿಕೋನು ಒಂದುಂಟು. ಅದರಿಂದ ಹೊರಡುವ ಆಮ್ಲವು ಸುಣ್ಣ, ಸಿಮೆಂಟಿನೊಂದಿಗೆ ಹೊಂದುವುದಿಲ್ಲ. ಸತುವಿನ ತಗಡನ್ನೂ ತಿನ್ನುತ್ತದೆ. ಮಾಡಿನ ಶೀಟಿನ ತೂತಿಗೆ ಅದನ್ನು ಹಚ್ಚಬೇಡಿ.

ಈಗಾಗಲೇ ಸಿಲಿಕೋನ್ ತುಂಬಿದವರು ಏನು ಮಾಡಬೇಕು? ಬ್ಲೇಡಿನಿಂದ ಕೊಯ್ದು ಪೂರ್ತಿ ತೆಗೆಯಿರಿ. ತೆಗೆದ ಮೇಲೂ ಕಣ್ಣಿಗೆ ಕಾಣದ ಒಂದು ಜಿಡ್ಡು ಉಳಿಯುತ್ತದೆ. ಅದರ ಮೇಲೆ ಅಕ್ರಿಲಿಕ್ಕೂ ನಿಲ್ಲದು. ಒಲೆ, ಬೀಡಿ ಹತ್ತಿರವಿಲ್ಲದಂತೆ ನೋಡಿಕೊಂಡು ಥಿನ್ನರ್ ಬಟ್ಟೆಯಿಂದ ಒರೆಸಿ, ಮರಳು ಕಾಗದದಿಂದ ಉಜ್ಜಿ, ಆಮೇಲೆ ತುಂಬಿ. ಅಷ್ಟು ಕಷ್ಟ ಬೇಡವೆಂದರೆ ಸಿಲಿಕೋನನ್ನು ಬಿಟ್ಟು ಅದರ ಆಚೆ ಈಚೆ ಮಾತ್ರ ಬಣ್ಣ ಬಳಿಯಿರಿ. ನೀರು ಬೀಳುವ ಬಚ್ಚಲಿನಲ್ಲಿ ಸಿಲಿಕೋನೇ ಬೇಕಾದರೆ ಮೊದಲು ಬಣ್ಣ, ಅದು ಒಣಗಿದ ಮೇಲೆ ಸಿಲಿಕೋನ್. ಈ ಕ್ರಮ ತಪ್ಪಬಾರದು.

ಒಂದು ಎಚ್ಚರಿಕೆ. ಹಳೆಯ ಕಿಟಕಿ ಬಾಗಿಲುಗಳ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ಕೇಂದ್ರದ ನಿಯಮ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ಒದ್ದೆ ಮಾಡಿ ಉಜ್ಜಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ, ಮಕ್ಕಳನ್ನು ದೂರವಿಡಿ.

ಇನ್ನು ತುಂಬುವ ರೀತಿ. ಸಂದಿಯ ಧೂಳು, ಪಾಚಿ, ಸಡಿಲ ಸುಣ್ಣ ಎಲ್ಲವನ್ನೂ ಕೆರೆದು ಒಣಗಲು ಬಿಡಿ. ಕೊಳವೆಯ ಮೂತಿಯನ್ನು ಓರೆಯಾಗಿ ಕೊಯ್ಯಿರಿ. ಹಿಂಡಿದ ಮೇಲೆ ಒದ್ದೆ ಬೆರಳಿನಿಂದ ಒತ್ತಿ ಸವರಿ. ಅಕ್ರಿಲಿಕ್ ಒಣಗುವಾಗ ಕುಗ್ಗುತ್ತದೆ. ಆಳವಾದ ಸಂದನ್ನು ಒಂದೇ ಸಲ ತುಂಬದೆ ಎರಡು ಸಲಕ್ಕೆ ತುಂಬಿ. ಅರ್ಧ ಗಂಟೆಯಲ್ಲಿ ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿಯೇ ಇರುತ್ತದೆ. ಒಣ ಹವೆಯಲ್ಲಿ ಒಂದು ದಿನವಾದರೂ ಕಾಯಿರಿ. ನಮ್ಮ ಗೂಡಲೂರು ಕಡೆಯ ಮಂಜಿನಲ್ಲಿ ಎರಡು ಮೂರು ದಿನ. ಜೂನಿನಿಂದ ಒಂದು ಮಳೆ, ಅಕ್ಟೋಬರಿನಿಂದ ಇನ್ನೊಂದು ಮಳೆ ಕಾಣುವ ಊರು ನಮ್ಮದು. ಹಬ್ಬಕ್ಕೆಂದು ನವೆಂಬರಿನ ತೇವದಲ್ಲಿ ಅವಸರ ಮಾಡುವ ಬದಲು ಹೊರಗಿನ ಕೆಲಸವನ್ನು ಜನವರಿ ಫೆಬ್ರವರಿಗೆ ಇಟ್ಟುಕೊಂಡರೆ ದುಡ್ಡು ಉಳಿಯುತ್ತದೆ.

ಸುಣ್ಣ ಬಳಿಯುವ ಗೋಡೆಗೆ ಇದಾವುದೂ ಬೇಡ. ಸುಣ್ಣಕ್ಕೆ ನೀರು ಹೀರುವ ಮೈ ಬೇಕು. ಸೀಲೆಂಟಿನ ಮೇಲೆ ಅದು ನಿಲ್ಲದೆ ಉದುರುತ್ತದೆ. ಅಲ್ಲಿನ ಸಣ್ಣ ಬಿರುಕಿಗೆ ಸುಣ್ಣ ಮರಳಿನ ಗಾರೆಯೇ ಸಾಕು. ಇನ್ನು, ಒಲೆಯ ಮೇಲಿನ ಗಾಳಿಕಂಡಿಯನ್ನು ಚಳಿಯೆಂದು ಎಂದೂ ಮುಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಈಗ ನನ್ನ ಎರಡನೆಯ ತಪ್ಪು. ನಮ್ಮ ಕೆಳಗಿನ ಲೈನಿನ ಒಬ್ಬ ಅಕ್ಕನ ಮನೆಯಲ್ಲಿ ಬಾಗಿಲ ಮೂಲೆಯಿಂದ ಮಾಡಿನ ಕಡೆಗೆ ಓರೆಯಾಗಿ ಒಂದು ಬಿರುಕು ಹೋಗಿತ್ತು. ಉಪಕಾರವೆಂದು ನಾನೇ ಹೋಗಿ ತುಂಬಿ, ಚೆನ್ನಾಗಿ ಬಣ್ಣ ಬಳಿದು ಬಂದೆ. ಕೂದಲೆಳೆಯಷ್ಟೂ ಕಾಣದಂತೆ ಆಯಿತು. ಅಕ್ಕನೂ ಸಂತೋಷಪಟ್ಟರು. ಎರಡು ತಿಂಗಳಾದ ಮೇಲೆ ರಿಪೇರಿ ಪಟ್ಟಿ ಬರೆಯಲು ರೈಟರು ಬಂದರು. ಗೋಡೆ ನೋಡಿದರು, ‘ಸರಿಯಿದೆ’ ಎಂದು ಬರೆದುಕೊಂಡು ಹೋದರು. ಅವರ ಮೇಲೆ ತಪ್ಪು ಹೊರಿಸಲಾರೆ. ಕಾಣಬೇಕಾದದ್ದನ್ನು ಕಾಣದಂತೆ ಮಾಡಿದವನು ನಾನು. ಜುಲೈ ಮಳೆಗೆ ಅದೇ ಜಾಗದ ಗಾರೆ ಒಂದು ಬುಟ್ಟಿಯಷ್ಟು ಕಳಚಿ ತೊಟ್ಟಿಲ ಮೇಲೆ ಬಿತ್ತು. ಬೆಳಗಿನ ಹೊತ್ತು, ಮಗು ಶಿಶುವಿಹಾರದಲ್ಲಿತ್ತು. ಆ ತೊಟ್ಟಿಲನ್ನು ನೋಡಿ ಬಂದ ರಾತ್ರಿ ನನಗೆ ಊಟ ಸೇರಲಿಲ್ಲ.

ಟೊಳ್ಳು ಗೋಡೆಗೆ ಸುಣ್ಣ ಬಳಿದವರ ಮಾತು ಪ್ರವಾದಿ ಯೆಜೆಕಿಯೇಲನ 13ನೆಯ ಅಧ್ಯಾಯದಲ್ಲಿದೆ. ಎಷ್ಟೋ ಸಲ ಅದನ್ನು ನಿಮಗೆ ಓದಿ ಹೇಳಿದವನು ನಾನು. ಕರಣೆ ಕೈಯಲ್ಲಿದ್ದ ದಿನ ನೆನಪಾಗಲಿಲ್ಲ.

ಆದುದರಿಂದ ಬಿರುಕು ಕಂಡೊಡನೆ ತುಂಬಬೇಡಿ. ಮೊದಲು ಅದು ಬೆಳೆಯುತ್ತಿದೆಯೇ ತಿಳಿಯಿರಿ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಅಡ್ಡಲಾಗಿ ತೆಳು ಗಾಜಿನ ಚೂರೊಂದನ್ನು ಎರಡೂ ಕಡೆ ಗಾರೆಯಿಂದ ಅಂಟಿಸಿದರೆ ಗೋಡೆ ಅಲುಗಿದಾಗ ಗಾಜು ಒಡೆಯುತ್ತದೆ. ಗೆರೆ ದಾಟಿತೇ, ಗಾಜು ಒಡೆಯಿತೇ, ಓರೆಯಾಗಿಯೋ ಮೆಟ್ಟಿಲಿನಂತೆಯೋ ಹೋಗಿದೆಯೇ, ಗೋಡೆ ಹೊರಕ್ಕೆ ಉಬ್ಬಿದೆಯೇ? ಹಾಗಿದ್ದರೆ ಅದು ನಿಮ್ಮ ಡಬ್ಬದ ಕೆಲಸವಲ್ಲ, ತೋಟದ ಆಡಳಿತದ ಕೆಲಸ. ಫೋಟೋ ತೆಗೆಯಿರಿ, ಅರ್ಜಿ ಬರೆಯಿರಿ, ನಕಲಿನ ಮೇಲೆ ರುಜು ಹಾಕಿಸಿಕೊಳ್ಳಿ. ಮಗುವಿನ ಹಾಸಿಗೆಯನ್ನು ಆ ಗೋಡೆಯಿಂದ ಅಂದೇ ದೂರ ಸರಿಸಿ.

ಇದು ಬೇಡಿಕೊಳ್ಳುವ ಮಾತಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯ 15ನೆಯ ಕಲಮು ಮನೆ ಕೊಡುವುದಷ್ಟೇ ಅಲ್ಲ, ಅದನ್ನು ಸುಸ್ಥಿತಿಯಲ್ಲಿ ಇಡುವುದೂ ಮಾಲೀಕರ ಹೊಣೆ ಎಂದಿತು. ಮನೆ ಕುಸಿದು ಸಾವು ನೋವಾದರೆ ಮಾಲೀಕರು ಪರಿಹಾರ ಕೊಡಬೇಕೆಂದು 1981ರ ತಿದ್ದುಪಡಿ ಸೇರಿಸಿತು. ತಪ್ಪು ಮನೆಯಲ್ಲಿದ್ದವರದೇ ಆಗಿದ್ದರೆ ಅಥವಾ ಪ್ರಕೃತಿ ವಿಕೋಪವಾದರೆ ಇಲ್ಲವೆಂದೂ ಹೇಳಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷತಾ ಸಂಹಿತೆ ಬಂದಿದೆ. ಅದರ 92ನೆಯ ಕಲಮಿನಲ್ಲಿಯೂ ಮನೆ, ಅಡುಗೆಮನೆ, ಕುಡಿಯುವ ನೀರು, ಪಾಯಖಾನೆಗಳನ್ನು ಒದಗಿಸಿ ಕಾಪಾಡುವ ಹೊಣೆ ಮಾಲೀಕರ ಮೇಲಿದೆ. ಕಾಯಿದೆ ಕೇಳುವುದು ಗುರುತನ್ನು. ಬಿರುಕೇ ನಿಮ್ಮ ಸಾಕ್ಷಿ. ಅರ್ಜಿ ಕೊಡುವ ಮೊದಲೇ ಅದನ್ನು ಬಣ್ಣದಿಂದ ಮುಚ್ಚಿದರೆ ನಮ್ಮ ಸಾಕ್ಷಿಯ ಬಾಯನ್ನು ನಾವೇ ಕಟ್ಟಿದಂತೆ.

ಈ ಸಲ ಹಬ್ಬಕ್ಕೆ ಬಣ್ಣ ತರುವ ಮೊದಲು ಒಂದು ಪೆನ್ಸಿಲು ಹಿಡಿದು ಮನೆಯ ನಾಲ್ಕು ಗೋಡೆ ನೋಡಿ ಬನ್ನಿ. ಬೆಳೆಯದ ಬಿರುಕನ್ನು ಸರಿಯಾದ ವಸ್ತುವಿನಿಂದ ತುಂಬಿ, ಒಣಗಲು ಬಿಟ್ಟು, ಬಣ್ಣ ಬಳಿಯಿರಿ. ಬೆಳೆಯುವ ಬಿರುಕಿನ ಅರ್ಜಿ ಬರೆಯಲು ಬರುವ ಭಾನುವಾರ ಇದೇ ಜಗುಲಿಯಲ್ಲಿ ಕಾಗದ ಹಿಡಿದು ಕೂತಿರುತ್ತೇನೆ. ಒಬ್ಬರ ಅರ್ಜಿಗಿಂತ ಇಡೀ ಲೈನಿನ ಅರ್ಜಿಗೆ ಬೆಲೆ ಹೆಚ್ಚು. ಎಲ್ಲರೂ ಬನ್ನಿ.