ಮನೆ ಕೇಳಿದವರಿಗೆ ಸೈಟು

(ನಗರ ವಸತಿ ಕುರಿತ ವಿಚಾರ ಸಂಕಿರಣವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರಿನಲ್ಲಿ ಹೆಣ್ಣಿಗೆ ಗಂಡು ನೋಡುವವರು ಹುಡುಗನ ಸಂಬಳ ವಿಚಾರಿಸಿದ ಮೇಲೆ ಕೇಳುತ್ತಿದ್ದ ಎರಡನೆಯ ಪ್ರಶ್ನೆ ‘ಸೈಟು ಇದೆಯೇ?’ ಎಂಬುದು. ಮನೆ ಇದೆಯೇ ಎಂದು ಕೇಳುವವರು ಕಡಿಮೆ. ಸೈಟಿದ್ದರೆ ಇಂದಲ್ಲ ನಾಳೆ ಮನೆ ಏಳುತ್ತದೆ ಎಂಬ ನಂಬಿಕೆ. ಈ ಇಂಗ್ಲಿಷ್ ಪದ ನಮ್ಮ ಅಡುಗೆಮನೆಯ ಮಾತಿನೊಳಗೂ ಇಷ್ಟು ಸಲೀಸಾಗಿ ಬಂದು ಕೂತದ್ದು ಹೇಗೆ ಎಂದು ಹುಡುಕಿದರೆ ನಗರದ ವಸತಿ ಯೋಜನೆಯ ಇತಿಹಾಸವೇ ತೆರೆದುಕೊಳ್ಳುತ್ತದೆ. ಜನಕ್ಕೆ ಮನೆ ಬೇಕು ಎಂಬ ಕೂಗು ಎದ್ದಾಗಲೆಲ್ಲ ಈ ನಗರ ನೂರಕ್ಕೂ ಹೆಚ್ಚು ವರ್ಷಗಳಿಂದ ಕೊಡುತ್ತ ಬಂದ ಮುಖ್ಯ ಉತ್ತರ ಸೈಟು. ಆ ಉತ್ತರದಿಂದ ಯಾರಿಗೆ ಮನೆಯಾಯಿತು, ಯಾರಿಗೆ ಆಗಲಿಲ್ಲ ಎಂಬುದೇ ಇಂದಿನ ನನ್ನ ವಿಷಯ.

ಹಳೆಯ ಪೇಟೆಯಲ್ಲಿ ಈ ಪ್ರಶ್ನೆಯ ಸ್ವರೂಪವೇ ಬೇರೆ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಹೆಸರುಗಳು ಸೂಚಿಸುವಂತೆ ಅಲ್ಲಿ ಕಸುಬು, ವಾಸ ಎರಡೂ ಒಂದೇ ಕಡೆ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಅಟ್ಟ. ಗಾಳಿ ಬೆಳಕು ಕಾಣದ ಇಕ್ಕಟ್ಟಿನ ಬದುಕು ಅದು, ಹಾಡಿ ಹೊಗಳಬೇಕಾದ್ದೇನಿಲ್ಲ. ಆದರೆ ಕೆಲಸಕ್ಕೆ ಹೋಗಲು ದುಡ್ಡು ಕೊಡಬೇಕಾಗಿರಲಿಲ್ಲ. ಅಗ್ಗದ ಮನೆಯ ಲೆಕ್ಕ ಹಾಕುವ ಅಧಿಕಾರಿಗಳು ಸಾಮಾನ್ಯವಾಗಿ ಮರೆಯುವುದು ಈ ಬಸ್ ಚಾರ್ಜನ್ನೇ.

1898ರಲ್ಲಿ ಪ್ಲೇಗು ಬಂತು. ಪೇಟೆಯ ಜನ ಊರಾಚೆ ಗುಡಿಸಲು ಹಾಕಿಕೊಂಡು ಓಡಿದರು. ಬಸವನಗುಡಿ, ಮಲ್ಲೇಶ್ವರಗಳು ಬಡಾವಣೆಗಳಾಗಿ ರೂಪುಗೊಂಡದ್ದು ಆ ದಿನಗಳಲ್ಲಿ. ದಂಡಿನ ಕಡೆ ಫ್ರೇಜರ್ ಟೌನ್, ಅಂದರೆ ಇಂದಿನ ಪುಲಿಕೇಶಿನಗರ, ಅದೇ ಭಯದಿಂದ ಹುಟ್ಟಿದ ಇನ್ನೊಂದು ಬಡಾವಣೆ. ನೇರ ರಸ್ತೆ, ಅಳತೆ ಮಾಡಿದ ನಿವೇಶನ, ಮನೆಯ ಸುತ್ತ ಬಯಲು, ಹಿಂದೆ ಕಕ್ಕಸು ಬಳಿಯುವವರು ಬಂದುಹೋಗಲು ಕನ್ಸರ್ವೆನ್ಸಿ ಓಣಿ. ಓಣಿ ನಕ್ಷೆಯಲ್ಲಿ ಖಚಿತವಾಗಿತ್ತು. ಅದರಲ್ಲಿ ದಿನವೂ ನಡೆಯುವವರು ಎಲ್ಲಿ ವಾಸಿಸಬೇಕು ಎಂಬುದು ಅಷ್ಟು ಖಚಿತವಾಗಿರಲಿಲ್ಲ. ಆರೋಗ್ಯದ ದೃಷ್ಟಿಯಿಂದ ಇದು ದೊಡ್ಡ ಸಾಧನೆ, ಸಂದೇಹವಿಲ್ಲ. ಆದರೆ ನಗರವೆಂದರೆ ನಿವೇಶನಗಳ ಸಾಲು, ಸರ್ಕಾರದ ಕೆಲಸ ನಿವೇಶನ ಹಂಚುವುದು, ಮನೆ ಕಟ್ಟುವುದು ಅವರವರ ಯೋಗ್ಯತೆ ಎಂಬ ಕ್ರಮ ಆಗಲೇ ನಿಂತುಹೋಯಿತು.

1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಬಂತು. ಸಿಐಟಿಬಿ ಎಂದರೆ ಹಿರಿಯರಿಗೆ ಬೇಗ ಗೊತ್ತಾದೀತು. 1941ರಲ್ಲಿ ನಾಲ್ಕು ಲಕ್ಷವಿದ್ದ ಜನಸಂಖ್ಯೆ 1951ಕ್ಕೆ ಎಂಟು ಲಕ್ಷದ ಹತ್ತಿರ ಬಂದಿತ್ತು. ಜಯನಗರ, ರಾಜಾಜಿನಗರ ಬೆಳೆದದ್ದು ಈ ಒತ್ತಡದಲ್ಲಿ. 1976ರಲ್ಲಿ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಹೆಸರು ಬದಲಾಯಿತೇ ಹೊರತು ಹಣದ ಲೆಕ್ಕ ಬದಲಾಗಲಿಲ್ಲ. ರೈತನಿಂದ ಜಮೀನು ಸ್ವಾಧೀನ, ರಸ್ತೆ, ಚರಂಡಿ, ನೀರು, ಆಮೇಲೆ ಸೈಟುಗಳ ಹಂಚಿಕೆ, ಮೂಲೆ ಸೈಟುಗಳ ಹರಾಜು. ಸೈಟು ಮಾರಿ ಬಂದ ದುಡ್ಡಿನಲ್ಲಿ ನಡೆಯುವ ಸಂಸ್ಥೆ ನೆಲವನ್ನು ಕೈಯಲ್ಲಿ ಉಳಿಸಿಕೊಂಡು ಬಾಡಿಗೆಗೆ ಮನೆ ಕಟ್ಟಲು ಯಾಕೆ ಮುಂದಾದೀತು? ಗೃಹ ಮಂಡಳಿ ಮನೆಗಳನ್ನೂ ಕಟ್ಟಿತು, ನಿಜ. ಕಟ್ಟಿ ಅದೂ ಮಾರಿತು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿಗಳು ಕಾರ್ಮಿಕರಿಗೆ ಕ್ವಾರ್ಟರ್ಸ್ ಕೊಟ್ಟವು. ಅದು ನೌಕರಿಯ ಜೊತೆಗಿನ ಮನೆ, ನಿವೃತ್ತಿಯ ದಿನ ಬೀಗದ ಕೈ ವಾಪಸು.

ಹಂಚಿಕೆಯ ನಿಯಮ ಅನ್ಯಾಯದ್ದೇನಲ್ಲ. ಪರಿಶಿಷ್ಟರಿಗೆ, ಹಿಂದುಳಿದವರಿಗೆ ಮೀಸಲಾತಿ ಇತ್ತು. ಆರ್ಥಿಕವಾಗಿ ದುರ್ಬಲರಿಗೆಂದು 20×30 ಅಡಿಯ ಸೈಟುಗಳಿದ್ದವು. ಜೊತೆಗೆ, ಹಿಂದೆ ಎಷ್ಟು ಸಲ ಅರ್ಜಿ ಹಾಕಿದ್ದೀರಿ ಎಂಬುದೂ ಆದ್ಯತೆಗೆ ಲೆಕ್ಕಕ್ಕೆ ಬರುತ್ತಿತ್ತು. ಕಾದವನಿಗೆ ಮೊದಲು ಕೊಡುವುದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕಾಯುವುದಕ್ಕೂ ಬಂಡವಾಳ ಬೇಕು. ಠೇವಣಿ ಕಟ್ಟಿ, ಹತ್ತು ಹದಿನೈದು ವರ್ಷ ಒಂದೇ ಊರಿನಲ್ಲಿ ಒಂದೇ ಖಾಯಂ ಕೆಲಸದಲ್ಲಿದ್ದವನು ಕಾಯಬಲ್ಲ. ಗಾರೆ ಕೆಲಸದವನು ಕಾಯಲಾರ. ಅವನಿಗೆ ಮನೆ ಬೇಕಾದದ್ದು ಈ ಮಳೆಗಾಲಕ್ಕೆ. ಸೈಟು ಸಿಕ್ಕರೂ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಮುಂದೆ ನಿಂತೇ ಇತ್ತು.

ಹಾಗಾದರೆ ಕಾಯಲಾರದವರು ಎಲ್ಲಿದ್ದರು? ವಠಾರದಲ್ಲಿ. ನಿರಂಜನರ ‘ರಂಗಮ್ಮನ ವಠಾರ’ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಡುವೆ ಅಂಗಳ, ಸುತ್ತ ಒಂದೊಂದೂವರೆ ಕೋಣೆಯ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಹಿತ್ತಲಲ್ಲಿ ಸಾಲು ಕಕ್ಕಸು, ಮುಂದಿನ ಮನೆಯಲ್ಲಿ ಮಾಲೀಕರು. ನೀರಿಗಾಗಿ ಜಗಳ, ಹಬ್ಬಕ್ಕೆ ಒಬ್ಬಟ್ಟಿನ ವಿನಿಮಯ. ಜಾತಿ ಕೇಳದೆ ಮನೆ ಕೊಡುವ ವಠಾರಗಳು ಕಡಿಮೆ ಎಂಬುದನ್ನೂ ಹೇಳಲೇಬೇಕು. ಆದರೂ ಗುಮಾಸ್ತರು, ಮೇಷ್ಟ್ರುಗಳು, ಮಗ್ಗದವರು, ಓದಲು ಬಂದ ಹಳ್ಳಿ ಹುಡುಗರು ಪಟ್ಟಣದ ನಡುವೆಯೇ ಬದುಕಲು ಸಾಧ್ಯವಾದದ್ದು ಇದರಿಂದ. ಬೆಂಗಳೂರಿಗೆ ಅಗ್ಗದ ವಸತಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟದ್ದು ಸರ್ಕಾರದ ಯೋಜನೆಯಲ್ಲ, ಈ ವಠಾರ ಎಂದು ನನ್ನ ಅಭಿಪ್ರಾಯ.

ವಠಾರಗಳು ಕರಗಿದ್ದಕ್ಕೆ ಕಾರಣ ಹಲವು. 1961ರ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಬಾಡಿಗೆದಾರನನ್ನು ಕಾಪಾಡಿತು. ಜೊತೆಗೆ, ರಿಪೇರಿ ಮಾಡಿಸಿ ಏನು ಲಾಭ ಎಂಬ ಮನಸ್ಸನ್ನು ಮಾಲೀಕನಲ್ಲಿ ಹುಟ್ಟಿಸಿತು. ಆಮೇಲೆ ನೆಲದ ಬೆಲೆ ಏರಿತು. ಅಂಗಳವಿದ್ದ ಕಡೆ ಕಾಂಪ್ಲೆಕ್ಸ್ ಎದ್ದಿತು. 1999ರ ಹೊಸ ಬಾಡಿಗೆ ಕಾಯಿದೆ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ವಠಾರದ ಜಾಗಕ್ಕೆ ಬಂದದ್ದು 30×40 ಸೈಟಿನಲ್ಲಿ ಮೂರು ನಾಲ್ಕು ಅಂತಸ್ತು ಎತ್ತಿ ಬಾಡಿಗೆಗೆ ಬಿಡುವ ಕಟ್ಟಡ. ಹತ್ತು ತಿಂಗಳ ಅಡ್ವಾನ್ಸ್, ಇಲ್ಲವೆ ಭೋಗ್ಯ. ಇಡಿಗಂಟಾಗಿ ಹಣ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಹಣ ವಾಪಸು ಪಡೆಯುವುದು. ಇದು ಜನರೇ ಕಂಡುಕೊಂಡ ಒಂದು ಬ್ಯಾಂಕು. ಮಾಲೀಕ ಕೈಯೆತ್ತಿದರೆ ಕುಟುಂಬದ ಉಳಿತಾಯವೆಲ್ಲ ಹೋಯಿತು.

ಇನ್ನೊಂದು ದಾರಿ ರೆವಿನ್ಯೂ ಸೈಟು. 1976ರ ನಗರ ಭೂಮಿತಿ ಕಾಯಿದೆ ಬೆಂಗಳೂರಿನಲ್ಲಿ ಖಾಲಿ ನೆಲಕ್ಕೆ 1,000 ಚದರ ಮೀಟರಿನ ಮಿತಿ ಹಾಕಿತ್ತು. ಹೆಚ್ಚುವರಿ ನೆಲ ಬಡವರಿಗೆ ಸಿಗಬೇಕೆಂಬುದು ಆಶಯ. ವಿನಾಯಿತಿ, ತಕರಾರುಗಳಲ್ಲಿ ಅದು ಸೊರಗಿ, 1999ರಲ್ಲಿ ಸಂಸತ್ತು ರದ್ದುಮಾಡಿತು. ಅತ್ತ ಹಳ್ಳಿಯ ರೈತ, ಪ್ರಾಧಿಕಾರ ಕೊಡುವ ಪರಿಹಾರಕ್ಕಿಂತ ಮೇಲು ಎಂದು ಹೊಲವನ್ನು ತುಂಡು ಮಾಡಿ ಮಾರಿದ. ಭೂಪರಿವರ್ತನೆ ಇಲ್ಲ, ನಕ್ಷೆ ಇಲ್ಲ, ಚರಂಡಿ ಇಲ್ಲ. ಮೊದಲು ಶೀಟಿನ ಮನೆ, ಮಗನಿಗೆ ಕೆಲಸ ಸಿಕ್ಕ ಮೇಲೆ ತಾರಸಿ. ಅದನ್ನೆಲ್ಲ ದಂಡ ಕಟ್ಟಿಸಿಕೊಂಡು ಒಪ್ಪುವ ‘ಅಕ್ರಮ ಸಕ್ರಮ’ಕ್ಕೆ 2014ರಲ್ಲಿ ನಿಯಮಗಳು ಬಂದವು, 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಜನ ಮೊದಲು ಕಟ್ಟುವುದು, ಯೋಜನೆ ಹಿಂದಿನಿಂದ ಬಂದು ದಂಡ ಕೇಳುವುದು ಈ ಊರಿನ ರೂಢಿ.

ಬೇರೆ ದಾರಿಯೇ ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಮೊದಲನೆಯ ಮಹಾಯುದ್ಧದ ಬಳಿಕ ವಿಯೆನ್ನಾ ನಗರ ನಮಗಿಂತ ಕಡುಬಡತನದಲ್ಲಿ ಇತ್ತೆಂದರೂ ತಪ್ಪಾಗದು. ಹಾಸಿಗೆಯೊಂದನ್ನು ಪಾಳಿಯ ಮೇಲೆ ಬಾಡಿಗೆಗೆ ಕೊಡುತ್ತಿದ್ದರು. 1923ರಲ್ಲಿ ಅಲ್ಲಿನ ಪುರಸಭೆ ವಸತಿ ತೆರಿಗೆ ಹಾಕಿತು: ದೊಡ್ಡ ಬಂಗಲೆಗೆ ಭಾರಿ ಮೊತ್ತ, ಸಣ್ಣ ಮನೆಗೆ ನಾಮಮಾತ್ರ. ಆ ಹಣದಲ್ಲಿ 1934ರ ಹೊತ್ತಿಗೆ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿ, ಮಾರದೆ ತಾನೇ ಮಾಲೀಕನಾಗಿ ಬಾಡಿಗೆಗೆ ಕೊಟ್ಟಿತು. ಇಂದಿಗೂ ಆ ನಗರದ ಸುಮಾರು ಕಾಲು ಭಾಗ ಜನ ನಗರಾಡಳಿತದ ಮನೆಗಳಲ್ಲಿದ್ದಾರೆ. ಅದನ್ನು ಹಾಗೆಯೇ ಇಲ್ಲಿ ತಂದು ನೆಡಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಪಾಲಿಕೆಗಳಿಗೆ ಅಂಥ ತೆರಿಗೆ ಹಾಕುವ ಅಧಿಕಾರವೂ ಇಲ್ಲ, ಧೈರ್ಯವೂ ಇಲ್ಲ. ನೆಲವನ್ನು ಕೈಯಲ್ಲಿ ಇಟ್ಟುಕೊಂಡದ್ದರಿಂದ ಏನಾಯಿತು ಎಂಬುದಷ್ಟೇ ಇಲ್ಲಿ ನೋಡಬೇಕಾದದ್ದು.

ನಮ್ಮಲ್ಲೂ ಒಮ್ಮೆ ನೆಲ ಕೈಯಲ್ಲಿತ್ತು. ಕೋರಮಂಗಲದ ಮಗ್ಗುಲಿನ ಈಜಿಪುರದಲ್ಲಿ ಪಾಲಿಕೆ ತನ್ನದೇ ಜಾಗದಲ್ಲಿ ಆರ್ಥಿಕವಾಗಿ ದುರ್ಬಲರಿಗೆ ವಸತಿಗೃಹಗಳನ್ನು ಕಟ್ಟಿತ್ತು. ಸೈಟಲ್ಲ, ಮನೆ, ಊರಾಚೆಯಲ್ಲ, ಕೆಲಸ ಸಿಗುವ ಕಡೆ. ಕಟ್ಟಡ ಕಳಪೆಯಾಗಿತ್ತು. 2007ರಲ್ಲಿ ಒಂದು ಬ್ಲಾಕ್ ಕುಸಿದು ಸಾವುನೋವಾಯಿತು. ಉಳಿದವರು ಅಲ್ಲೇ ತಗಡಿನ ಶೆಡ್ಡುಗಳಿಗೆ ಬಂದರು. ಖಾಸಗಿ ಕಂಪೆನಿಯೊಂದರ ಜೊತೆ ಒಪ್ಪಂದವಾಯಿತು: ಜಾಗದ ಒಂದು ಭಾಗದಲ್ಲಿ ಮಾಲ್, ಇನ್ನೊಂದು ಭಾಗದಲ್ಲಿ ಬಡವರಿಗೆ ಫ್ಲಾಟು. 2013ರ ಜನವರಿಯಲ್ಲಿ ಶೆಡ್ಡುಗಳನ್ನು ಬುಲ್ಡೋಜರ್ ಹಾಕಿ ಕೆಡವಿದರು. ಅಲ್ಲಿದ್ದವರಲ್ಲಿ ಬಹಳ ಮಂದಿ ಮೂಲ ಹಂಚಿಕೆದಾರರಿಂದ ಬಾಡಿಗೆಗೋ ಭೋಗ್ಯಕ್ಕೋ ಪಡೆದು ಸೇರಿಕೊಂಡಿದ್ದವರು. ಫ್ಲಾಟು ಬಂದಾಗ ಕೊಡಬೇಕಾದವರ ಪಟ್ಟಿ ತಯಾರಾಗಿತ್ತು. ಅದರಲ್ಲಿ ಹಂಚಿಕೆದಾರರ ಹೆಸರುಗಳಿದ್ದವು. ಬಾಡಿಗೆದಾರರಿಗೆಂದು ಕಾಲಮ್ಮೇ ಇರಲಿಲ್ಲ.